36 ಡಿಗ್ರಿ, 45 ಡಿಗ್ರಿ

ಸೈಕಲ್ ಹ್ಯಾಂಡಲ್ ನೇರಕ್ಕೆ ಬಂದ ಕೂಡಲೇ 'ಟಕ್' ಅಂತ ಒಂದು ತಗ್ಗಿಗೆ ಬಿದ್ದ ಹಾಗೆ ಕೂರುತ್ತಿದೆ ಅಂದರೆ ಹೆಡ್‌ಸೆಟ್ (ಹ್ಯಾಂಡಲ್ಲೂ ಫೋರ್ಕೂ ಸೇರಿ ತಿರುಗುವ ಕೀಲು) ಬೇರಿಂಗ್ ಹೋಗಿದೆ ಅಂತಲೇ ತಿಳಿಯಬೇಕು. ನನ್ನ ಸೈಕಲ್ಲಿಗೆ ಇದು ಮೊದಲ ಮಳೆಗಾಲ ಮುಗಿಯುವುದರೊಳಗೇ ಬಂತು. ಬೇಸಿಗೆಯಲ್ಲಿ ತಗೊಂಡ ಸೈಕಲ್. ಅಲ್ಯೂಮಿನಿಯಂ ಫ್ರೇಮು, ಮುಂದಿನ ಚಕ್ರ ಹಿಡಿಯುವ ಕವಲು, ಅಂದರೆ ಫೋರ್ಕು, ಕಾರ್ಬನ್ನಿನದು, ಡಿಸ್ಕ್ ಬ್ರೇಕು. ದೀಪಾವಳಿ ಹೊತ್ತಿಗೆ ಎರಡೂ ಕೈ ಬಿಟ್ಟು ಓಡಿಸೋದು ಕಷ್ಟವಾಗಿತ್ತು. ಸೈಕಲ್ ಸಣ್ಣಗೆ ಎಡಕ್ಕೂ ಬಲಕ್ಕೂ ತೊನೆದಾಡುತ್ತಿತ್ತು.

ಪರೀಕ್ಷೆ ಸುಲಭ. ಮುಂದಿನ ಚಕ್ರ ನೆಲದಿಂದ ಎತ್ತಿ ಹಿಡಿದು ಹ್ಯಾಂಡಲನ್ನು ಒಂದೇ ಬೆರಳಲ್ಲಿ ನಿಧಾನಕ್ಕೆ ತಿರುಗಿಸಬೇಕು. ಬೇರಿಂಗ್ ಚೆನ್ನಾಗಿದ್ದರೆ ಎಲ್ಲೂ ತಡೆಯದೆ ತಿರುಗುತ್ತದೆ. ಮಧ್ಯದಲ್ಲಿ ಸಿಕ್ಕಿಕೊಂಡರೆ ಕತೆ ಮುಗಿಯಿತು. ಇನ್ನೊಂದು ಪರೀಕ್ಷೆಯೂ ಇದೆ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಿ, ಹೆಡ್ ಟ್ಯೂಬ್ (ಫ್ರೇಮಿನ ಮುಂದಿನ ಕೊಳವೆ) ಹತ್ತಿರ ಬೆರಳಿಟ್ಟು ಪ್ಲೇ, ಅಂದರೆ ಸಡಿಲ, ಇದೆಯಾ ನೋಡೋದು. ಆದರೆ ಡಿಸ್ಕ್ ಬ್ರೇಕಿನಲ್ಲಿ ಪ್ಯಾಡ್ ಕೂಡ ಕೊಂಚ ಅಲ್ಲಾಡುತ್ತದೆ. ಹಾಗಾಗಿ ನಾನು ಬೆರಳ ಪರೀಕ್ಷೆಯನ್ನೇ ಜಾಸ್ತಿ ನಂಬುತ್ತೇನೆ.

ಅಂಗಡಿಯಲ್ಲಿ ಬಿಚ್ಚಿದರು. ಮೇಲಿನ ಬೇರಿಂಗ್ ಹೊಸದರ ಹಾಗೇ ಇತ್ತು. ಕೆಳಗಿನದು ತುಕ್ಕು ಹಿಡಿದು ಕೆಂಪು ಕೆಸರಾಗಿತ್ತು. ಇದರಲ್ಲಿ ಆಶ್ಚರ್ಯವೇನಿಲ್ಲ. ಮುಂದಿನ ಚಕ್ರ ಎರಚುವ ನೀರು ನೇರ ಅಲ್ಲಿಗೇ ಹೊಡೆಯುತ್ತದೆ, ಗುಂಡಿಯ ಪೆಟ್ಟೂ ಮೊದಲು ಅದಕ್ಕೇ. ಮೇಲಿನದು ಮೊದಲು ಹಾಳಾಗೋದು ಮನೆಯೊಳಗೆ ಟ್ರೈನರ್ ಮೇಲೆ, ಅಂದರೆ ಸೈಕಲ್ಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ನಿಂತಲ್ಲೇ, ತುಳಿಯುವವರದ್ದು. ಬೆವರಿನ ಉಪ್ಪು ಹ್ಯಾಂಡಲ್ ಹಿಡಿದಿರುವ ಸ್ಟೆಮ್ ಸಂದಿಯಿಂದ ಇಳಿದು ಅದನ್ನು ತಿನ್ನುತ್ತದೆ.

ಕಂಪನಿಗೆ ಬರೆದೆ. ಉತ್ತರ ಬೇಗನೇ ಬಂತು. ಬೇರಿಂಗ್ ಸವೆಯುವ ಭಾಗ, ವಾರಂಟಿಗೆ ಬರೋದಿಲ್ಲ, ಅದೂ ಅಲ್ಲದೆ ಮಳೆಯಲ್ಲಿ ಓಡಿಸಿದ್ದೀರಿ. ಮಂಗಳೂರಿನವನಿಗೆ ಈ ಮಾತು! ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಊರಲ್ಲಿ ಅಧಿಕೃತ ಡೀಲರ್ ಇಟ್ಟು ಸೈಕಲ್ ಮಾರುತ್ತಾರೆ. ಆಮೇಲೆ ಮಳೆ ಸುರಿಯುವ ಆಟಿ ತಿಂಗಳಲ್ಲಿ ಅದನ್ನು ಗೋಡೆಗೆ ಒರಗಿಸಿಡಿ ಅನ್ನೋದು ಯಾವ ನ್ಯಾಯ? ಆದರೂ ಬೇರಿಂಗಿನ ಬೆಲೆ ಜಗಳಕ್ಕೆ ತಕ್ಕಷ್ಟಿರಲಿಲ್ಲ. ಕಂಪನಿಯ ಪಟ್ಟಿಯಲ್ಲಿದ್ದ ನಂಬರಿನದನ್ನೇ ತರಿಸಿ, ಗ್ರೀಸ್ ತುಂಬಿ ಹಾಕಿಸಿದೆ.

ಅದು ಮಳೆಯೇ ಇಲ್ಲದ ತಿಂಗಳುಗಳಲ್ಲಿ ಹೋಯಿತು.

ಮಳೆಯ ನೆಪ ಅಲ್ಲಿಗೆ ಬಿತ್ತು. ಹಾಗಾದರೆ ಕಾರಣ ಏನು? ಬೇರಿಂಗ್ ಸವೆಯುವ ಬಗೆ ಸ್ವಲ್ಪ ಗೊತ್ತಿದ್ದರೆ ಹುಡುಕೋದು ಸುಲಭ. ಚಕ್ರದ ಹಬ್‌ನಲ್ಲಿ ಗುಂಡುಗಳು ಪೂರ್ತಿ ಸುತ್ತುತ್ತಲೇ ಇರುತ್ತವೆ, ಗ್ರೀಸನ್ನು ಎಲ್ಲ ಕಡೆ ಹರಡುತ್ತವೆ. ಹೆಡ್‌ಸೆಟ್ಟಿನದು ಹಾಗಲ್ಲ. ನೇರ ರಸ್ತೆಯಲ್ಲಿ ಹ್ಯಾಂಡಲ್ ತಿರುಗೋದೇ ಅತ್ತಿತ್ತ ಒಂದೆರಡು ಡಿಗ್ರಿ. ಗುಂಡುಗಳು ನಿಂತ ಜಾಗದಲ್ಲೇ ಅದುರುತ್ತಾ ಗ್ರೀಸನ್ನು ಪಕ್ಕಕ್ಕೆ ತಳ್ಳಿಬಿಡುತ್ತವೆ. ಲೋಹಕ್ಕೆ ಲೋಹ ಉಜ್ಜಿ ಅಲ್ಲೇ ಸಣ್ಣ ತಗ್ಗುಗಳಾಗುತ್ತವೆ. ರಸ್ತೆಯ ಹೊಂಡಗಳ ಪೆಟ್ಟಿನಿಂದ ಆದ ಗುರುತು ಅಂತ ಬಹಳ ಜನ ತಿಳಿಯುತ್ತಾರೆ. ಹೆಚ್ಚಿನ ಸಲ ಅದು ಪೆಟ್ಟಲ್ಲ, ಈ ಉಜ್ಜಾಟ. ಬೇರಿಂಗ್ ಸರಿಯಾಗಿ ಕೂತಿಲ್ಲದಿದ್ದರೆ ಇದೇ ಕೆಲಸ ವರ್ಷಗಳ ಬದಲು ತಿಂಗಳುಗಳಲ್ಲಿ ಮುಗಿಯುತ್ತದೆ.

ನಮ್ಮ ಅಂಗಡಿಯ ಮೆಕ್ಯಾನಿಕ್ ಹಳೇ ಕಾಲದವರು. ಬಿಡಿ ಗುಂಡು, ಕಪ್, ಕೋನ್ ಇರುವ ಹಳೇ ಬಗೆಯ ಬೇರಿಂಗಿನ ಸೈಕಲ್ ಓವರ್‌ಹಾಲ್ ಮಾಡಿ ಕೈ ಪಳಗಿದವರು. ಆ ಸೈಕಲ್ಲುಗಳಲ್ಲಿ ವಾರಂಟಿಯ ಮಾತೇ ಇರಲಿಲ್ಲ. ವರ್ಷಕ್ಕೊಮ್ಮೆ ಚಿಲ್ಲರೆ ಕಾಸಿಗೆ ಹೊಸ ಗುಂಡು ಹಾಕಿದರೆ ಆಯಿತು. ಅವರು ಎರಡನೇ ಬೇರಿಂಗನ್ನು ಬೆಳಕಿಗೆ ಹಿಡಿದು ಪಕ್ಕದಲ್ಲಿ ಕೆತ್ತಿದ್ದನ್ನು ಓದಿದರು. ಒಳವ್ಯಾಸ 40, ಹೊರವ್ಯಾಸ 52 ಮಿ.ಮೀ. ಅದರ ಮುಂದೆ 36×45. ಆಮೇಲೆ ಫೋರ್ಕಿನ ಬುಡದ ರೇಸ್, ಅಂದರೆ ಬೇರಿಂಗ್ ಕೂರುವ ಬಳೆ, ನೋಡಿದರು. 'ಇದು 45ರದ್ದು ಮಾರಾಯ್ರೆ' ಅಂದರು.

ಈ ಅಂಕಿಗಳು ಕೋನದ ಲೆಕ್ಕ. ಬೇರಿಂಗಿನ ಅಂಚನ್ನು ಓರೆಯಾಗಿ ಕತ್ತರಿಸಿರುತ್ತಾರೆ. ಹೊರಗಿನ ಓರೆ ಫ್ರೇಮಿಗೆ ಒರಗುತ್ತದೆ, ಒಳಗಿನದು ಫೋರ್ಕಿನ ರೇಸಿಗೆ. ಫ್ರೇಮಿನೊಳಗೇ ಬೇರಿಂಗ್ ಕೂರುವ ಇಂಟಿಗ್ರೇಟೆಡ್ ಹೆಡ್‌ಸೆಟ್‌ಗಳಲ್ಲಿ ಸೈಕಲ್ ಭಾಗ ತಯಾರಿಸುವ ಕೇನ್ ಕ್ರೀಕ್ ಕಂಪನಿಯವರ ಅಳತೆ ಒಳಗೆ 36, ಹೊರಗೆ 45. ಇನ್ನೊಂದು ಕಂಪನಿ ಕಂಪಗ್ನೋಲೊದವರದ್ದು ಎರಡೂ ಕಡೆ 45. ಎರಡು ಪದ್ಧತಿಯೂ ಉಳಿದುಕೊಂಡವು. ಕಣ್ಣಿಗೆ ವ್ಯತ್ಯಾಸ ಗೊತ್ತೇ ಆಗೋದಿಲ್ಲ. 45ರ ರೇಸಿನ ಮೇಲೆ 36ರ ಬೇರಿಂಗ್ ಇಟ್ಟರೂ ಕೂರುತ್ತದೆ, ತಿರುಗುತ್ತದೆ, ಷೋರೂಮಿನಲ್ಲಿ ಎಲ್ಲ ಸರಿಯಾಗೇ ಕಾಣುತ್ತದೆ. ಆದರೆ ಇಡೀ ಓರೆ ಒರಗುವ ಬದಲು ಒಂದು ಗೆರೆಯಷ್ಟು ಅಂಚು ಮಾತ್ರ ಭಾರ ಹೊರುತ್ತದೆ. ಉಳಿದ ಸಂದಿಯಲ್ಲಿ ನೀರು, ಮರಳು. ತಣ್ಣೀರುಬಾವಿ ಬೀಚ್ ಕಡೆ ಓಡಿಸುವವರಿಗೆ ಆ ಮರಳು ಎಂಥದ್ದು ಅಂತ ಹೇಳಬೇಕಾಗಿಲ್ಲ.

ಸಾಬೀತು ಮಾಡಲು ಅವರು ರೇಸಿಗೆ ನೀಲಿ ಮಾರ್ಕರ್ ಬಳಿದರು. ಹೊಸ 36ರ ಬೇರಿಂಗ್ ಇಟ್ಟು, ಟಾಪ್ ಕ್ಯಾಪ್ ಬಿಗಿದು, ಹ್ಯಾಂಡಲ್ ನಾಲ್ಕು ಸಲ ತಿರುಗಿಸಿ ಬಿಚ್ಚಿದರು. ಶಾಯಿ ಅಳಿಸಿದ್ದು ಕೂದಲೆಳೆಯಷ್ಟು ಸಪೂರ ಗೆರೆಯಲ್ಲಿ ಮಾತ್ರ. 45×45 ಇಟ್ಟು ಹಾಗೇ ಮಾಡಿದಾಗ ಅಗಲವಾದ ಪಟ್ಟಿ ಅಳಿಸಿತ್ತು. ಎರಡರದ್ದೂ ಫೋಟೊ ತೆಗೆದೆ. ಇಷ್ಟು ಚೆಂದದ ಸಾಕ್ಷಿ ಕೋರ್ಟಿನಲ್ಲೂ ಸಿಗೋದು ಅಪರೂಪ, ಅಲ್ವಾ?

ಪುಣ್ಯಕ್ಕೆ ನನ್ನ ಸೈಕಲ್ಲಿನ ಕೇಬಲ್ಲುಗಳೆಲ್ಲ ಹೊರಗಿವೆ, ಬಿಚ್ಚಿ ಕಟ್ಟೋದು ಸಣ್ಣ ಕೆಲಸ. ಈಗಿನ ಹೊಸ ಮಾಡೆಲ್‌ಗಳಲ್ಲಿ ಬ್ರೇಕ್ ಪೈಪುಗಳನ್ನೂ ಹೆಡ್‌ಸೆಟ್ ಒಳಗಿಂದಲೇ ಇಳಿಸುತ್ತಾರೆ. ನೋಡಲು ಚೆಂದ. ಆದರೆ ಬೇರಿಂಗ್ ಬದಲಿಸಲು ಕೆಲವು ಸಲ ಹೈಡ್ರಾಲಿಕ್ ಪೈಪನ್ನೇ ಬಿಚ್ಚಿ, ಮತ್ತೆ ಬ್ಲೀಡ್ ಮಾಡಬೇಕು, ಅಂದರೆ ಪೈಪಿನೊಳಗಿನ ಗಾಳಿ ತೆಗೆಯಬೇಕು. ಬೇರಿಂಗಿಗಿಂತ ಕೂಲಿಯೇ ಜಾಸ್ತಿ. ಸವೆದಾಗ ಬದಲಿಸಬೇಕಾದ ಭಾಗ ಇರುವ ಜಾಗವನ್ನು ಯಾರಾದರೂ ಹಾಗೆ ಮುಚ್ಚುತ್ತಾರಾ?

ಎರಡನೇ ಪತ್ರದಲ್ಲಿ ಬೇರಿಂಗ್ ಸವೆದಿದೆ ಅಂತ ಬರೆಯಲಿಲ್ಲ. ಕಾರ್ಖಾನೆಯಿಂದ ತಪ್ಪು ಭಾಗ ಜೋಡಿಸಿ ಬಂದಿದೆ, ನಿಮ್ಮ ಪಟ್ಟಿಯಲ್ಲೂ ಅದೇ ತಪ್ಪಿದೆ ಅಂತ ಬರೆದೆ. ಬಿಲ್ಲು, ಕೆತ್ತಿದ ಅಂಕಿಯ ಫೋಟೊ, ಶಾಯಿಯ ಫೋಟೊ ಎಲ್ಲ ಸೇರಿಸಿದೆ. ಸವೆತ ಅಂದರೆ ಅದು ನನ್ನ ಪಾಲಿನದು. ತಪ್ಪು ಜೋಡಣೆ ಅಂದರೆ ಅವರದ್ದು. ಬೆಲೆ ಒಂದೇ ಆದರೂ ಜವಾಬ್ದಾರಿ ಬೇರೆ. ವಾರಗಟ್ಟಲೆ ಸದ್ದಿಲ್ಲ. ಆಮೇಲೆ ಡೀಲರ್ ಕೈಯಿಂದ ವರದಿ ಬೇಕು ಅಂದರು. ಡೀಲರ್‌ಗೆ ಕಂಪನಿಯ ವಿರುದ್ಧ ಬರೆದುಕೊಡಲು ಭಯ. ಅವನದ್ದೂ ಹೊಟ್ಟೆಪಾಡು, ನಾನು ಬೈಯಲಿಲ್ಲ.

ಆಗ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಕಾನೂನನ್ನೂ ಸ್ವಲ್ಪ ಓದಿಕೊಂಡೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಕಂಪನಿಯ ಊರಿಗೆ ಅಲೆಯಬೇಕಿಲ್ಲ. ತೊಂದರೆ ಆದ 2 ವರ್ಷದೊಳಗೆ ಕೊಡಬೇಕು. ವಸ್ತುವಿನ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ದೋಷ ಕಣ್ಣಿಗೆ ಕಾಣದಂಥದ್ದಾದರೆ ಆಯೋಗವೇ ಅದನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಇದನ್ನೆಲ್ಲ ಮೂರನೇ ಪತ್ರದಲ್ಲಿ ಬೆದರಿಕೆ ಇಲ್ಲದೆ, ಸುಮ್ನೆ ಮಾಹಿತಿಯ ಹಾಗೆ ಬರೆದೆ.

ಆ ವಾರವೇ ಪಾರ್ಸೆಲ್ ಬಂತು. ಒಳಗೆ 45×45ರ ಬೇರಿಂಗ್ ಮಾತ್ರ, ಒಂದು ಪತ್ರವೂ ಇಲ್ಲ. ಎರಡನೇ ಬೇರಿಂಗಿನ ದುಡ್ಡು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಕೂಲಿ ನಾನೇ ಕೊಟ್ಟೆ. ಮುಂದುವರಿಸಬಹುದಿತ್ತು. ಆದರೆ ಆ ಮೊತ್ತಕ್ಕೆ ಆಯೋಗದ ಮೆಟ್ಟಿಲು ಹತ್ತುವಷ್ಟು ಹಟ ನನ್ನಲ್ಲಿರಲಿಲ್ಲ. ಬೇರಿಂಗ್ ಆಮೇಲೆ ಒಂದು ಪೂರ್ತಿ ಮಳೆಗಾಲ ಕಂಡಿದೆ. ಈಗಲೂ ಬೆರಳಲ್ಲಿ ತಿರುಗುತ್ತದೆ.

ಹೊಸದನ್ನು ಹಾಕಿಸಿದ ದಿನ ಅಂಗಡಿಯಲ್ಲಿ ಅದೇ ಮಾಡೆಲಿನ ಮಾರಾಟವಾಗದ ಸೈಕಲ್ ಒಂದಿತ್ತು. ಮೆಕ್ಯಾನಿಕ್ ಅದರ ಫೋರ್ಕನ್ನೂ ಇಳಿಸಿ ನೋಡಿದರು. ಬೇರಿಂಗ್ ಅದೇ 36×45. ಡೀಲರ್ ಏನೂ ಮಾತಾಡದೆ ಫೋನ್ ತಗೊಂಡು ಹೊರಗೆ ಹೋದ. ಮುಂದಿನ ಸಲ ಹೋದಾಗ ಆ ಸೈಕಲ್ ಇರಲಿಲ್ಲ. ಬೇರಿಂಗ್ ಬದಲಿಸಿಯೇ ಕೊಟ್ಟೆವು ಅಂತ ಮೆಕ್ಯಾನಿಕ್ ಹೇಳಿದರು. ಬೇರೆ ಊರುಗಳ ಅಂಗಡಿಗಳಲ್ಲಿ ಅದನ್ನು ಯಾರು ಇಳಿಸಿ ನೋಡುತ್ತಾರೆ ಅಂತ ಕಂಪನಿಗೆ ಇನ್ನೊಂದು ಪತ್ರ ಬರೆದಿದ್ದೇನೆ.