ಬರೆಯೋ ಮೇಜು ಜಾಗ ಬದಲಿಸಿದ ಮೇಲೆ

ತುಮಕೂರು ಕಡೆಯ ಒಂದು ತಾಲ್ಲೂಕು ಊರಿನ ಬ್ಯಾಂಕಿನಲ್ಲಿ ನಾನು ಕ್ಯಾಷ್ ಕೌಂಟರ್ ನೋಡುವವಳು. ತಿಂಗಳ ಮೊದಲ ವಾರ, ಸಂತೆ ದಿನ, ಗೃಹಲಕ್ಷ್ಮಿ ದುಡ್ಡು ಬಿತ್ತು ಅಂತ ಸುದ್ದಿ ಹಬ್ಬಿದ ದಿನ. ಈ ಮೂರರಲ್ಲಿ ಎರಡು ಒಟ್ಟಿಗೆ ಬಂದರೆ ಕ್ಯೂ ಮೆಟ್ಟಿಲ ತನಕ. 2023ರ ಆಗಸ್ಟ್‌ನಲ್ಲಿ ಆ ಯೋಜನೆ ಶುರುವಾಯಿತು. ತಿಂಗಳಿಗೆ 2,000 ರೂಪಾಯಿ ನೇರ ಖಾತೆಗೆ. ಅದಾದ ಮೇಲೆ ಬ್ಯಾಂಕಿನ ಕಡೆ ಅಷ್ಟಾಗಿ ಬಾರದಿದ್ದ ಹೆಂಗಸರೂ ಬರತೊಡಗಿದರು.

ಬಹಳ ಜನರಿಗೆ ಕಷ್ಟ ಕೊಡುವುದು ವಿತ್‌ಡ್ರಾ ಫಾರಂ. ಖಾತೆ ನಂಬರು, ತಾರೀಖು, ಮೊತ್ತ ಅಂಕಿಯಲ್ಲಿ ಒಮ್ಮೆ, ಅಕ್ಷರದಲ್ಲಿ ಇನ್ನೊಮ್ಮೆ. ಓದಲು ಬರುವವರದ್ದೂ ಕನ್ನಡಕ ಮನೆಯಲ್ಲಿರುತ್ತದೆ. "ಒಸಿ ಬರ್ಕೊಡವ್ವ" ಅಂತ ಕಿಂಡಿಯೊಳಗೆ ಫಾರಂ ತೂರಿಸುತ್ತಾರೆ. ಪಾಪ ಅನಿಸುತ್ತದೆ, ಆದರೆ ದುಡ್ಡು ಎಣಿಸಿ ಕೊಡುವ ಕೈಯೇ ಫಾರಂ ಬರೆಯುವುದು ಒಳ್ಳೆಯದಲ್ಲ. ನಾಳೆ ತಕರಾರು ಬಂದರೆ ಇಬ್ಬರಿಗೂ ತೊಂದರೆ. ಹಿಂದೆ ನಿಂತವರ ಗೊಣಗಾಟ ಬೇರೆ.

ಒಂದು ದಿನ ಸ್ಕಾಲರ್‌ಶಿಪ್ ದುಡ್ಡು ತೆಗೆಯಲು ಬಂದ ಕಾಲೇಜು ಹುಡುಗನಿಗೆ ಪಕ್ಕದ ಅಜ್ಜಿ ಫಾರಂ ಕೊಟ್ಟರು. ಅವನು ಬರೆದುಕೊಟ್ಟ. ಅದನ್ನು ನೋಡಿ ಇನ್ನೊಬ್ಬರು ಕೊಟ್ಟರು. ಅವನ ಸರದಿ ಬಂದಾಗ ಹಿಂದಿನ ಹೆಂಗಸೊಬ್ಬರು, "ಕೊಡಪ್ಪ ಪೆನ್ನು, ನಾನೂ ಏಳನೇ ಕ್ಲಾಸ್ ಓದಿದೀನಿ" ಅಂತ ಮುಂದುವರಿಸಿದರು. ಅವರೇ ಎಷ್ಟೋ ಸಲ ನನ್ನ ಕಿಂಡಿಗೆ ಫಾರಂ ತೂರಿಸಿದವರು! ಬರೆಯಲು ಬರುತ್ತಿತ್ತು, ತಪ್ಪಾದರೆ ಅನ್ನೋ ಭಯ ಅಷ್ಟೇ. ಬೇರೆಯವರಿಗೆ ಬರೆಯುವಾಗ ಅದು ಎಲ್ಲಿ ಹೋಯಿತೋ.

ಆಗ ನನಗೆ ಹೊಳೆದದ್ದು ಮೇಜಿನ ವಿಷಯ. ನಮ್ಮ ಬರೆಯೋ ಮೇಜು ಮೂಲೆಯಲ್ಲಿ, ನೋಟಿಸ್ ಬೋರ್ಡಿನ ಕೆಳಗಿತ್ತು. ಅಲ್ಲಿಗೆ ಹೋದರೆ ಕ್ಯೂನಲ್ಲಿ ಜಾಗ ಹೋಗುತ್ತದೆ. ಹೀಗಿದ್ದರೆ ಯಾರು ಯಾರಿಗೆ ಬರೆದುಕೊಡುತ್ತಾರೆ? ಮ್ಯಾನೇಜರ್‌ಗೆ ಹೇಳಿ ಅದನ್ನು ಕ್ಯೂನ ಮಗ್ಗುಲಿಗೆ ಎಳೆಸಿದೆ. ತುಂಬಿದ ಮಾದರಿ ಫಾರಂ ಒಂದನ್ನು ಮೇಲೆ ಅಂಟಿಸಿದೆ. ನಾನು ಮಾಡಿದ್ದು ಇಷ್ಟೇ. ಸುಮ್ನೆ ನಿಂತವರ ಕೈಗೆ ಕೆಲಸ ಸಿಕ್ಕಿತು. ಯಾರೋ ಹಳೆ ಕನ್ನಡಕ ಇಟ್ಟುಹೋದರು, ಪ್ಲಸ್ ಎರಡು ಇರಬೇಕು. ಅದನ್ನು ಎಷ್ಟು ಜನ ಹಾಕಿಕೊಂಡರೋ ಲೆಕ್ಕವಿಲ್ಲ. ಆಮೇಲೆ ಇನ್ನೊಂದು ಬಂತು, ಒಂದು ಕಾಲು ಮುರಿದದ್ದು.

ಓದು ಬರಹ ಬಾರದವರೂ ಸುಮ್ಮನಿರಲಿಲ್ಲ. ನನಗೆ ಇದೇ ಜಾಸ್ತಿ ಇಷ್ಟವಾದದ್ದು. ಹೆಬ್ಬೆಟ್ಟು ಒತ್ತುವ ಅಜ್ಜಿಯೊಬ್ಬರು ಬೆಂಚಿನ ಮೇಲೆ ಕೂತು ಸರದಿ ಕಾಯುವ ಕೆಲಸ ಹಿಡಿದರು. "ಆ ನೀಲಿ ಸೀರೆಯೋಳು ನಿನಗಿಂತ ಮುಂದೆ ಕಣಪ್ಪ, ಬರೆಸ್ಕೋಳ್ಳೋಕೆ ಹೋಗವ್ಳೆ." ಅವರ ಮಾತು ಮೀರಿ ಯಾರೂ ನುಗ್ಗುವುದಿಲ್ಲ, ಟೋಕನ್ ಮಿಷನ್‌ಗೂ ಅಷ್ಟು ಮರ್ಯಾದೆ ಇಲ್ಲ. ಫಾರಂ ಬರೆದುಕೊಟ್ಟವರ ಋಣವನ್ನು ಹೀಗೆ ಇನ್ಯಾರಿಗೋ ತೀರಿಸುತ್ತಾರೆ.

ನವೆಂಬರ್‌ನಲ್ಲಿ ಇನ್ನೊಂದು ಗುಂಪು. ಸರ್ಕಾರಿ ಪಿಂಚಣಿದಾರರು ಬದುಕಿದ್ದೇವೆ ಅಂತ ಜೀವನ ಪ್ರಮಾಣಪತ್ರ ಕೊಡುವ ತಿಂಗಳು. ವಯಸ್ಸಾದ ಬೆರಳಿನ ಗೆರೆ ಸವೆದು ಮಿಷನ್‌ಗೆ ಸಿಗುವುದೇ ಇಲ್ಲ. 2021ರಿಂದ ಮೊಬೈಲಿನಲ್ಲಿ ಮುಖ ತೋರಿಸಿಯೂ ಮಾಡಬಹುದು. ಒಂದೇ ಫೋನಿನಿಂದ ಹಲವರದ್ದು ಆಗುತ್ತದೆ. ನಿವೃತ್ತ ಮೇಷ್ಟ್ರೊಬ್ಬರು ತಮ್ಮದು ಮುಗಿಸಿ, ಫೋನ್ ಹಿಡಿದು ಕಿಟಕಿ ಬೆಳಕಿಗೆ ಕೂತರು. "ಕಣ್ಣು ಮಿಟುಕಿಸಿ, ಇನ್ನೊಂದ್ಸಲ" ಅನ್ನುತ್ತಾ ಹಳೇ ಸಹೋದ್ಯೋಗಿಗಳದ್ದೆಲ್ಲ ಮಾಡಿದರು. ಮರುದಿನ ಅವರಿಂದ ಕಲಿತ ಇನ್ನೊಬ್ಬರು ಎದುರಿನ ಕಿಟಕಿಯಲ್ಲಿ.

ಒಂದು ವಿಷಯದಲ್ಲಿ ಮಾತ್ರ ನಾನು ಬಹಳ ಬಿಗಿ. ಎಟಿಎಂ ಹತ್ತಿರ "ನಾನು ತೆಗೆದುಕೊಡ್ತೀನಿ" ಅಂತ ಬಂದು ಕಾರ್ಡ್ ಬದಲಾಯಿಸುವ ಕಳ್ಳರೂ ಸಹಾಯದ ಮುಖವನ್ನೇ ಹೊತ್ತು ಬರುತ್ತಾರೆ. ಹಾಗಾಗಿ ಬರೆಯುವವರಿಗೆ ಹೇಳಿದ್ದೇನೆ: ಫಾರಂ ಮಾತ್ರ ಮುಟ್ಟಿ; ಕಾರ್ಡ್, ಪಿನ್, ಒಟಿಪಿ ಕೇಳಬೇಡಿ. ಫಾರಂ ಯಾರೇ ಬರೆದಿರಲಿ, ನೋಟು ಎಣಿಸುವ ಮುಂಚೆ "ಎಷ್ಟು ಬೇಕು ಅಜ್ಜಿ?" ಅಂತ ಅವರ ಬಾಯಲ್ಲೇ ಕೇಳುತ್ತೇನೆ. ಒಮ್ಮೆ ಐನೂರರ ಮುಂದೆ ಒಂದು ಸೊನ್ನೆ ಜಾಸ್ತಿ ಬಿದ್ದಿತ್ತು. ಕೈತಪ್ಪು ಅಷ್ಟೇ, ಆದರೂ.

ಸಹಾಯ ಮಾಡಿದವರ ಫೋಟೊ ಬೋರ್ಡಿಗೆ ಹಾಕೋಣ ಅಂತ ಮ್ಯಾನೇಜರ್ ಉತ್ಸಾಹದಲ್ಲಿದ್ದರು. ಬೇಡ ಸಾರ್ ಅಂದೆ. ಫೋಟೊ ಬಂದರೆ ಅದು ಆ ನಾಲ್ಕು ಜನರ ಕೆಲಸ ಆಗಿಬಿಡುತ್ತದೆ, ಉಳಿದವರು ಅವರಿಗಾಗಿ ಕಾಯುತ್ತಾರೆ. ಮ್ಯಾನೇಜರ್ ಸ್ವಲ್ಪ ಮುನಿಸಿಕೊಂಡರು, ಆಮೇಲೆ ಫೋಟೊಗೆ ಇಟ್ಟ ದುಡ್ಡಿನಲ್ಲಿ ಪೆನ್ನು ತರಿಸಿದರು. ದಾರ ಕಟ್ಟಿದ್ದೇವೆ. ಆದರೂ ವಾರಕ್ಕೆರಡು ಕಾಣೆ.