ಪೇಸ್ಟ್ರಿಯ ವೈ ಎಲ್ಲಿ ಹೋಯಿತು?

ಹಾಸನದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡು, ಬೋರ್ಡು ಎಲ್ಲ ಮಾಡುತ್ತೇನೆ. ಓದಿದ್ದು ಕನ್ನಡ ಮೀಡಿಯಂ, ಎಬಿಸಿಡಿ ಕಂಡಿದ್ದೇ ಐದನೇ ಕ್ಲಾಸಿನಲ್ಲಿ. ಕನ್ನಡದಲ್ಲಿ ಒಂದು ಒತ್ತು ತಪ್ಪಿದರೂ ದೂರದಿಂದಲೇ ಕಣ್ಣಿಗೆ ಚುಚ್ಚುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಗಿರಾಕಿ ಚೀಟಿಯಲ್ಲಿ ಏನು ಬರೆದುಕೊಟ್ಟರೋ ಅದನ್ನೇ ಟೈಪ್ ಮಾಡುತ್ತಿದ್ದೆ.

ಎರಡು ವರ್ಷದ ಹಿಂದೆ ಒಂದು ಬೇಕರಿಯ ರೇಟ್ ಬೋರ್ಡು ಬಂತು. ಎಂಟಡಿ ಉದ್ದ, ಮೂರಡಿ ಎತ್ತರ, ಹಳದಿ ಮೇಲೆ ಕೆಂಪಕ್ಷರ. ವಿನೈಲ್ ಪ್ರಿಂಟ್ ತೆಗೆದು ಸನ್‌ಬೋರ್ಡಿಗೆ ಅಂಟಿಸಿ ಗೋಡೆಗೆ ಹೊಡೆದು ಬಂದೆ. ಸಂಜೆ ಫೋನು. ಮಾಲೀಕರ ಮಗಳು, ಒಂಬತ್ತನೇ ಕ್ಲಾಸು. "ಅಂಕಲ್, ಪೇಸ್ಟ್ರೀಸ್ ಸ್ಪೆಲ್ಲಿಂಗ್ ತಪ್ಪಾಗಿದೆ. ಸ್ಯಾಂಡ್‌ವಿಚಸ್ ಕೂಡ."

ಬಹುವಚನ ಮಾಡಲು ಪೇಸ್ಟ್ರಿಯ ವೈ ಹಾಗೇ ಬಿಟ್ಟು ಪಕ್ಕದಲ್ಲಿ ಎಸ್ ಕೂರಿಸಿದ್ದೆ. ಸ್ಯಾಂಡ್‌ವಿಚ್‌ಗೂ ಬರೀ ಎಸ್. ಮಾರನೇ ದಿನ ಪ್ಯಾಚ್ ಕತ್ತರಿಸಿಕೊಂಡು ಹೋಗಿ ಅಂಟಿಸಿದೆ. ಬೇರೆ ರೋಲಿನ ವಿನೈಲು, ಹಳದಿ ಸ್ವಲ್ಪ ಜಾಸ್ತಿ ಗಾಢ. ಹಸಿರು ಸೀರೆಗೆ ಬೇರೆ ಹಸಿರಿನ ತೇಪೆ ಹಾಕಿದ ಹಾಗೆ ಎದ್ದು ಕಾಣುತ್ತಿತ್ತು. ದುಡ್ಡು ಕೇಳಲು ಬಾಯಿ ಬರಲಿಲ್ಲ.

ಆ ಹುಡುಗಿ ಹೇಳಿಕೊಟ್ಟಿದ್ದು ಮಾತ್ರ ಮರೆತಿಲ್ಲ. "ಬಾಯಲ್ಲಿ ಹೇಳಿ ನೋಡಿ ಅಂಕಲ್." ಸ್ಯಾಂಡ್‌ವಿಚ್ ಆದ ಮೇಲೆ ನೇರ ಸ್ ಹೇಳಲು ನಾಲಿಗೆ ಹೊರಳುವುದಿಲ್ಲ. ನಡುವೆ ಒಂದು ಸ್ವರ ನುಗ್ಗುತ್ತದೆ. ಆ ಸ್ವರಕ್ಕೇ ಇ ಬರೆಯುವುದು. ಬಸ್, ಡಿಶ್, ಬಾಕ್ಸ್ ಎಲ್ಲಕ್ಕೂ ಇದೇ ಕಾರಣಕ್ಕೆ ಇಎಸ್. ನಾವು ಬಸ್‌ಗೆ ಉ ಸೇರಿಸಿ ಬಸ್ಸು ಅನ್ನುವುದೂ ನಾಲಿಗೆಯ ಸುಖಕ್ಕೇ ಅಲ್ವಾ? ಸ್ಟಮಕ್ ಪದದ ಕೊನೆಗೂ ಸಿಎಚ್ ಇದೆ. ಆದರೆ ಅಲ್ಲಿ ಕೇಳುವುದು ಕ್. ಹಾಗಾಗಿ ಬರೀ ಎಸ್ ಸಾಕು. ಅಂದರೆ ಕಣ್ಣಿಗಿಂತ ಕಿವಿ ನಂಬಬೇಕು.

ಪೇಸ್ಟ್ರಿಯ ವೈ ಹಿಂದೆ ವ್ಯಂಜನವಿದೆ. ಆದ್ದರಿಂದ ವೈ ಹೋಗಿ ಐಇಎಸ್ ಬರುತ್ತದೆ. ಚೆರ್ರಿ, ಕರ್ರಿ, ಲೇಡಿ ಎಲ್ಲ ಇದೇ ದಾರಿ. ಟ್ರೇಯಲ್ಲಿ ವೈ ಹಿಂದೆ ಎ ಇದೆ, ಅಲ್ಲಿ ವೈ ಅಲ್ಲಾಡುವುದಿಲ್ಲ.

ನನಗೆ ನಿಜಕ್ಕೂ ಖುಷಿ ಕೊಟ್ಟಿದ್ದು ಬ್ರೆಡ್ ಲೋಫು. ಒಂದಾದರೆ ಲೋಫ್, ಹತ್ತಾದರೆ ಲೋವ್ಸ್. ಎಫ್ ಹೋಗಿ ವಿ. ನೈಫ್, ಲೀಫ್ ಕೂಡ ಹಾಗೇ. ಇದನ್ನು ಎಲ್ಲೋ ನೋಡಿದ್ದೀನಲ್ಲ ಅನ್ನಿಸಿತು. ಮಳೆ, ಕಾಲ ಸೇರಿ ಮಳೆಗಾಲ! ಎರಡು ಸ್ವರಗಳ ನಡುವೆ ಸಿಕ್ಕಿಕೊಂಡ ಕ ಮೆತ್ತಗಾಗಿ ಗ ಆಗುತ್ತದೆ. ಹಳೇ ಇಂಗ್ಲಿಷಿನಲ್ಲೂ ಸ್ವರಗಳ ನಡುವಿನ ಎಫ್ ಹೀಗೇ ಮೆತ್ತಗಾಗಿ ವ್ ಆಗುತ್ತಿತ್ತು. ಆದೇಶ ಸಂಧಿ ಬಾಯಿಪಾಠ ಮಾಡಿಸಿದ ಮೇಷ್ಟ್ರು ಇದೊಂದು ಮಾತು ಹೇಳಿದ್ದರೆ ಇಂಗ್ಲಿಷ್ ಭಯ ಅರ್ಧ ಹೋಗುತ್ತಿತ್ತು. ಎಗ್ ಪಫ್‌ಗೆ ಮಾತ್ರ ಇದು ನಡೆಯುವುದಿಲ್ಲ. ಎರಡು ಎಫ್ ಗಟ್ಟಿಯಾಗಿ ಕೂತಿವೆ, ಸುಮ್ನೆ ಎಸ್ ಹಾಕಬೇಕು. ರೂಫ್, ಚೀಫ್ ಯಾಕೆ ಬದಲಾಗುವುದಿಲ್ಲ ಅಂತ ಕೇಳಬೇಡಿ, ಬಾಯಿಪಾಠ ಮಾಡಿ.

ಓ ಅಕ್ಷರದ್ದು ದೊಡ್ಡ ತಲೆನೋವು. ಪೊಟ್ಯಾಟೊ, ಟೊಮ್ಯಾಟೊಗೆ ಇಎಸ್. ಫೋಟೋ, ಕಿಲೋ, ಆಟೋಗೆ ಬರೀ ಎಸ್. ಉದ್ದ ಪದ ಮೊಟಕು ಮಾಡಿದ್ದಾದರೆ ಎಸ್ ಸಾಕು ಅಂತ ನೆನಪಿಟ್ಟುಕೊಂಡಿದ್ದೇನೆ. ಮ್ಯಾಂಗೋಗೆ ಎರಡೂ ಸರಿ, ಪುಣ್ಯ. 1992ರಲ್ಲಿ ಅಮೆರಿಕದ ಉಪಾಧ್ಯಕ್ಷರಾಗಿದ್ದ ಡ್ಯಾನ್ ಕ್ವೇಲ್ ಒಂದು ಶಾಲೆಗೆ ಹೋಗಿದ್ದಾಗ, ಹುಡುಗನೊಬ್ಬ ಬೋರ್ಡಿನ ಮೇಲೆ ಪೊಟ್ಯಾಟೊ ಸರಿಯಾಗೇ ಬರೆದಿದ್ದ. ಇವರು ಕೊನೆಗೊಂದು ಇ ಸೇರಿಸಿಸಿದರು. ದೇಶವೆಲ್ಲ ನಕ್ಕಿತು. ನನ್ನ ಬೋರ್ಡು ನೋಡಿದ್ದು ಹಾಸನದವರು ಮಾತ್ರ.

ಇನ್ನು ಕೆಲವು ಗಿರಾಕಿಗಳಿಗೆ ಎಸ್ ಹಿಂದೆ, ಮೇಲೊಂದು ಕಾಮಾ ಬೇಕೇ ಬೇಕು. "ಹಾಕಿ ಸಾರ್, ಲುಕ್ ಬರುತ್ತೆ." ಬಹುವಚನಕ್ಕೆ ಅದು ಬೇಡ ಅಂದರೆ ಕೇಳುವುದಿಲ್ಲ. ಇಂಗ್ಲೆಂಡಿನಲ್ಲೂ ಈ ಚಾಳಿ ಇದೆ. ತರಕಾರಿ ಅಂಗಡಿಯವರ ಅಪಾಸ್ಟ್ರಫಿ ಅಂತ ಅದಕ್ಕೆ ಹೆಸರೇ ಇಟ್ಟಿದ್ದಾರೆ.

ಹೋದ ತಿಂಗಳು ಅದೇ ಬೇಕರಿಯವರು ಬಂದರು. ರೇಟು ಏರಿದೆ, ಹೊಸ ಬೋರ್ಡು ಬೇಕು. ಈ ಸಲ ಒಂದೊಂದು ಪದವನ್ನೂ ಬಾಯಲ್ಲಿ ಹೇಳಿ ನೋಡಿಯೇ ಟೈಪ್ ಮಾಡಿ, ಪ್ರೂಫ್ ತೋರಿಸಿದೆ. ಅವರು ಕನ್ನಡಕ ಏರಿಸಿ ಮೇಲಿಂದ ಕೆಳಗೆ ನೋಡಿದರು.

"ಅಲ್ಲಪ್ಪಾ, ರೇಟು ಒಂದಕ್ಕೆ ತಾನೇ? ಹತ್ತು ಪಫ್ ಕೊಡಿ ಅಂತಾರೆ, ಪಫ್‌ಗಳು ಕೊಡಿ ಅಂತ ಯಾರು ಕೇಳ್ತಾರೆ? ಆ ಎಸ್ ಎಲ್ಲಾ ತೆಗೆದುಬಿಡು."

ತೆಗೆದುಬಿಟ್ಟೆ.