ಬೆಣ್ಣಿಹಳ್ಳದ ಫೈಲು ಹಿಡ್ಕೊಂಡು ಹೋದ ದಿನ

ನಮ್ಮೂರಾಗ ಒಂದು ಹನಿ ಮಳಿ ಬಿದ್ದಿರಂಗಿಲ್ಲ, ಆದ್ರ ಶಿಗ್ಗಾವಿ, ಕುಂದಗೋಳ, ಹುಬ್ಬಳ್ಳಿ ಕಡೆ ರಾತ್ರಿ ಜೋರು ಹೊಡದಿತ್ತಂದ್ರ ಮುಂಜಾನೆ ಏಳೋದ್ರಾಗ ಹೊಲದಾಗ ಎದಿಮಟ ನೀರು ನಿಂತಿರ್ತದ. ನವಲಗುಂದ ತಾಲೂಕಿನ್ಯಾಗ ಬೆಣ್ಣಿಹಳ್ಳದ ದಂಡಿಗೆ ಇರೋರಿಗೆ ಇದನ್ನ ಬಿಡಿಸಿ ಹೇಳೋದು ಬ್ಯಾಡ. ಎರಿ ನೆಲ, ಇಳಿಜಾರು ಭಾಳ ಕಮ್ಮಿ, ಹಳ್ಳದ ತುಂಬ ಹೂಳು, ಹೂಳಿನ ಮ್ಯಾಲೆ ಜಾಲಿಕಂಟಿ, ಹಿಂಗಾಗಿ ಬಂದ ನೀರು ಮಲಪ್ರಭಾ ಕಡೆ ಹೋಗೋ ಬದ್ಲಿ ಹೊಲ ಹೊಕ್ಕು ಕುಂದರ್ತದ. 2009, 2019, ಆಮ್ಯಾಲೆ 2022ರ ಸೆಪ್ಟೆಂಬರ್. ಆ ವರ್ಷ ನಮ್ಮ ಉಳ್ಳಾಗಡ್ಡಿ ಮಣ್ಣಾಗ ಕೊಳತು ನಾರಿದ ವಾಸನಿ ಇನ್ನೂ ನನ್ನ ಮೂಗಿನ್ಯಾಗ ಐತಿ.

ಹಳ್ಳದ ಮ್ಯಾಲೆ ನಮಗ ಸಿಟ್ಟಿಲ್ಲ. ಯಮನೂರು ಚಾಂಗದೇವನ ಜಾತ್ರಿಗೆ ಇದೇ ಹಳ್ಳದ ನೀರು ಒಯ್ದು ದೀಪ ಹಚ್ತಾರ, ಅಂಥಾ ನೀರಿಗೆ ನಾವು ಬೈಯ್ಯೋದು ಹೆಂಗ.

ನಾನಾಗ ಪಂಚಾಯ್ತಿ ಮೆಂಬರ್. ಗ್ರಾಮಸಭೆದಾಗ ಠರಾವು ಪಾಸ್ ಮಾಡಿದ್ವಿ, ಊರ ಹತ್ರ ಹಳ್ಳದ ಹೂಳು ತಗೀಬೇಕು, ಕೆಳಗಿನ ಓಣಿ ಕಡೆ ತಡೆಗೋಡೆ ಆಗ್ಬೇಕು ಅಂತ. ಠರಾವು ಬರಿಯೋದು ಸುಲಭ, ರೊಕ್ಕ ಎಲ್ಲಿಂದ? ಉದ್ಯೋಗ ಖಾತ್ರಿ ಕೆಲಸದಾಗ ಮಾಡೋಣಂದ್ರ ಆಗ ಅಲ್ಲಿ ಮಷಿನ್ ಹಚ್ಚಂಗಿರಲಿಲ್ಲ, ಕೂಲಿಗೆ 60 ಸಾಮಾನಿಗೆ 40 ಅನ್ನೋ ಲೆಕ್ಕ ಬ್ಯಾರೆ ಇತ್ತು. ಎರಿ ಮಣ್ಣಾಗ ಬೇರು ಬಿಟ್ಟ ಜಾಲಿನ ಗುದ್ದಲಿಲೆ ಕೀಳ್ತೀನಿ ಅನ್ನಾವ ಒಮ್ಮೆ ಬಂದು ಕಿತ್ತು ನೋಡ್ಲಿ. 15ನೇ ಹಣಕಾಸು ಆಯೋಗದ ಅನುದಾನ ಕುಡಿಯೋ ನೀರು, ಸ್ವಚ್ಛತೆ ಅಂತ ಮೊದಲ ಕಟ್ಟಿಟ್ಟಿರ್ತಿತ್ತು, ಉಳಿದದ್ರಾಗ ಒಂದು ಗಟಾರ ಆದ್ರ ದೊಡ್ಡದು. ಶಾಸಕರ ನಿಧಿ ಅಂದ್ರ ವರ್ಷಕ್ಕ 2 ಕೋಟಿ, ಅದೂ ಇಡೀ ಕ್ಷೇತ್ರಕ್ಕ.

ಅದಕ್ಕ 2023ರ ಜನವರಿದಾಗ, ಕಡ್ಲಿ ಕೀಳೋ ಗಡಿಬಿಡಿ ಬಿಟ್ಟು, ನಾನು ನಮ್ಮ ಕಾಕಾ ಮೊದಲನೇ ಬಸ್ಸಿಗೆ ಧಾರವಾಡಕ್ಕ ಹೊಂಟ್ವಿ. ಕೈಯಾಗ ಠರಾವಿನ ಪ್ರತಿ, ನೀರು ನಿಂತ ಫೋಟೋ, ಬೆಳಿಹಾನಿ ಪಟ್ಟಿ. ಆಫೀಸಿನ್ಯಾಗ ಮೊದಲನೇ ಟೇಬಲ್‌ದಾಗ ಕೇಳಿದ್ದು ಒಂದೇ ಮಾತು, ಇದು ಯಾವ ಹೆಡ್‌ನ್ಯಾಗ, ಅಂದ್ರ ಯಾವ ಖರ್ಚಿನ ಬಾಬತ್ತಿನ್ಯಾಗ ಬರ್ತದ? ಎರಡನೇ ಟೇಬಲ್‌ದಾಗೂ ಅದೇ. ಇನ್ನೊಂದು ಆಫೀಸಿಗೆ ಹೋಗ್ರಿ ಅಂದ್ರು, ಹೋದ್ವಿ, ಅಲ್ಲಿ ಹಳ್ಳ ನಮ್ಮ ಕಡೆ ಬರಂಗಿಲ್ಲ ಅಂದ್ರು. ಹಳ್ಳ ನಮ್ಮನಿಗಂತೂ ಬರ್ತದ ಸಾಹೇಬ್ರ ಅಂದ ಕಾಕಾ. ಅಂವ ಜಗಳಕ್ಕ ಅಂದಿದ್ದಲ್ಲ, ಇದ್ದದ್ದ ಹೇಳಿದ.

ನನಗ ಹೊಟ್ಟಿ ಉರಿಯೋದು ಇಲ್ಲೇ. ನೀರು ಬಂದು ಹೋದ ಮ್ಯಾಲೆ ಕೊಡಾಕ ಹೆಡ್ ಐತಿ, ಹೆಕ್ಟೇರಿಗೆ ಇಷ್ಟು, ಎರಡು ಹೆಕ್ಟೇರ್‌ತನಕ ಅಂತ ಲೆಕ್ಕ ಐತಿ, ಮನಿ ಬಿದ್ರ ಅದಕ್ಕೊಂದು ರೇಟ್ ಐತಿ. ನೀರು ಬರದಂಗ ಮಾಡ್ರಿ ಅಂತ ಕೇಳಿದ್ರ ಮಾತ್ರ ಎಲ್ಲಾರೂ ಪೆನ್ನು ಕೆಳಗಿಡ್ತಾರ.

ಮಧ್ಯಾಹ್ನ ಊಟದ ಹೊತ್ತು ಕಳದ ಮ್ಯಾಲೆ ಒಬ್ಬ ವಯಸ್ಸಾದ ಇಂಜಿನಿಯರ್ ಸಾಹೇಬ್ರು ಕುಂದರ್ಸಿ ಮಾತಾಡಿದ್ರು. 2021ರಿಂದ ವಿಪತ್ತು ನಿಧಿದಾಗ ನೂರಕ್ಕ 20 ಪಾಲು ಮುಂಜಾಗ್ರತೆ ಕೆಲಸಕ್ಕಂತ ಬ್ಯಾರೆ ಇಟ್ಟಾರ, ಆ ಹಾದಿ ಹಿಡೀರಿ ಅಂದ್ರು. ಆದ್ರ ಬರೇ ಫೋಟೋ ನಡಿಯಂಗಿಲ್ಲ, ಸರ್ವೆ ಬೇಕು, ಎಸ್ಟಿಮೇಟ್ ಬೇಕು, ಹಾಕಿದ ರೊಕ್ಕಕ್ಕಿಂತ ಉಳಿಯೋದು ಹೆಚ್ಚು ಅಂತ ಲೆಕ್ಕ ತೋರಿಸ್ಬೇಕು. ಹೇಳ್ತಾ ಹೇಳ್ತಾ ನಮ್ಮೂರಿನ ಹಳೇ ನಕಾಶೆ ತರಿಸಿ ಟೇಬಲ್ ಮ್ಯಾಲೆ ಹಾಸಿದ್ರು. ನಾನು ಅದನ್ನ ನೋಡಿದ್ದು ಅವತ್ತೇ ಮೊದಲು. ನಕಾಶೆದಾಗಿನ ಹಳ್ಳ ಎಷ್ಟು ಅಗಲ ಇತ್ತಂದ್ರ, ಈಗ ನಾವು ಹಳ್ಳ ಅಂತ ಕರಿಯೋದು ಅದರ ಅರ್ಧನೂ ಇಲ್ಲ.

"ಉಳಿದದ್ದು ಎಲ್ಲಿ ಹೋತ್ರಿ?" ಅಂತ ಕೇಳಿದ್ರು ಸಾಹೇಬ್ರು.

ನಾನು ಬೆರಳಿಟ್ಟು ಸರ್ವೆ ನಂಬರ್ ಓದಕೋಂತ ಹೋದೆ. ಮೂರನೇದ್ದು ನಮ್ಮದು. ಉತಾರದಾಗ, ಅಂದ್ರ ಪಹಣಿದಾಗ ಇಲ್ಲದ ನೆಲ, ನಾವು ಪ್ರತಿ ವರ್ಷ ಕಡ್ಲಿ ಬಿತ್ತೋ ನೆಲ. ಕಾಕಾನ ಮಾರಿ ನೋಡಾಕ ಆಗ್ಲಿಲ್ಲ ನನಗ. ದಂಡಿ ಹೊಲದವ್ರೆಲ್ಲ ಒತ್ತುವರಿ ಬಿಡ್ತೀವಿ ಅಂತ ಒಪ್ಪಿಗಿ ಬರದು ಕೊಡ್ಲಿ, ಇಲ್ಲಾಂದ್ರ ಎಷ್ಟು ಹೂಳು ತಗದ್ರೂ ಮತ್ತ ಹೊಲ ಆಗ್ತದ, ನಾನು ಫೈಲ್ ಮ್ಯಾಲೆ ಕಳಸಂಗಿಲ್ಲ ಅಂತ ಕಟ್ಟುನಿಟ್ಟಾಗಿ ಹೇಳಿದ್ರು. ಅವರು ಹೇಳಿದ್ರಾಗ ತಪ್ಪಿರಲಿಲ್ಲ. ಇನ್ವರ್ಡ್ ನಂಬರ್ ಬರದ ಚೀಟಿ ಇಸ್ಕೊಂಡು ಹೊರಗ ಬಂದ್ವಿ.

ಬಸ್ಸಿನ್ಯಾಗ ನವಲಗುಂದ ಬರೋತನಕ ಕಾಕಾ ಒಂದು ಮಾತಾಡ್ಲಿಲ್ಲ. ಆಮ್ಯಾಲೆ ಅಂದ, "ತಮ್ಮಾ, ನಿಮ್ಮಜ್ಜ ಬದುವು ಸರಿಸಿದ್ದು ನಾ ಕಣ್ಣಾರೆ ನೋಡೀನಿ. ಸಣ್ಣಾವಿದ್ದೆ. ಬರಗಾಲದ ವರ್ಷ, ಹಳ್ಳ ಒಣಗಿತ್ತು, ಎಲ್ಲಾರೂ ಸರಿಸಿದ್ರು."

ಒಪ್ಪಿಗಿ ತಗೊಳ್ಳೋದು ಆಫೀಸು ತಿರುಗಿದ್ದಕ್ಕಿಂತ ಕಷ್ಟ ಆತು. ಹನ್ನೊಂದು ಮನಿತನ, ಎರಡು ತಿಂಗಳು. ಎರಡೆಕರೆ ಇದ್ದಾವ ಅರ್ಧ ಎಕರೆ ಬಿಡು ಅಂದ್ರ ಹೆಂಗ ಬಿಟ್ಟಾನು, ಅವನ ಸಂಕಟಾನೂ ಖರೇನ. ಮೊದಲನೇ ಸಹಿ ಕಾಕಾ ಹಾಕಿದ, ಅದನ್ನ ತೋರಿಸಿದ ಮ್ಯಾಲೆನೇ ಉಳಿದವ್ರು ಮಾತಿಗೆ ಬಂದ್ರು. ಇಬ್ಬರು ಇನ್ನೂ ಹಾಕಿಲ್ಲ.

ಮಂಜೂರಿ ಇನ್ನೂ ಆಗಿಲ್ಲ. ಇಬ್ಬರ ಸಹಿ ಬಾಕಿ ಇದ್ರೂ ಫೈಲು ಬೆಂಗಳೂರಿಗೆ ಹೋಗೇತಿ ಅಂತ ಹೇಳ್ತಾರ, ಮಳಿಗಾಲ ಹತ್ರ ಬಂದಾಗೊಮ್ಮೆ ಆ ಚೀಟಿ ತಗೊಂಡು ಧಾರವಾಡಕ್ಕ ಹೋಗಿ ಕೇಳಿ ಬರ್ತೀನಿ. ಆದ್ರ ಸರ್ವೆ ಮಾತ್ರ ಆತು. ಅವತ್ತು ಸರ್ವೆದವ್ರು ಹಳೇ ಗಡಿಕಲ್ಲು ಸಿಗವಲ್ದು ಅಂತ ನಿಂತಾಗ ಕಾಕಾ ಕುಡಗೋಲು ಹಿಡ್ಕೊಂಡು ಮುಂದ ಹೋದ, ನಮ್ಮ ಕಡ್ಲಿ ಹೊಲ ದಾಟಿ ಜಾಲಿ ಸವರಿ, ಕುಕ್ಕರಗಾಲಿಲೆ ಕುಂತು ಕೈಯಿಂದ ಮಣ್ಣು ಕೆದರಿ, "ಇಲ್ಲೈತಿ ನೋಡ್ರಿ" ಅಂದ.